ಉರಿಮೂತ್ರವೂ ಊರಿನಿಂದ ತಂದ ಮಾತ್ರೆಯೂ



ನಮ್ಮ ಕೂಟಗಳಲ್ಲಿ ನಾವು ಸಾಹಿತ್ಯ, ಸಂಗೀತಗಳನ್ನು ಕುರಿತು ಮನಬಿಚ್ಚಿ ಮಾತನಾಡುತ್ತೇವೆ. ಮೂತ್ರದ ತೊಂದರೆಯ ಮಾತೆತ್ತಲು ಮಾತ್ರ ಸಂಕೋಚಪಡುತ್ತೇವೆ. ವಾಷಿಂಗ್ಟನ್ನಿನಿಂದ ಕ್ಯಾರೊಲಿನಾಗಳ ಮೂಲಕ ಅಟ್ಲಾಂಟಾದವರೆಗೆ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ "ಏನಿಲ್ಲ, ಉಷ್ಣವಾಗಿದೆ" ಎಂದು ನೋವನ್ನು ನುಂಗಿಕೊಳ್ಳುವ ತಾಯಂದಿರು ಇಂದಿಗೂ ಇದ್ದಾರೆ.

ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಮೂತ್ರದ ಸೋಂಕು ತಗಲುತ್ತದೆ. ಅವರ ಮೂತ್ರನಾಳ ಸುಮಾರು 4 ಸೆಂಟಿಮೀಟರಿನಷ್ಟೇ ಉದ್ದವಾದುದರಿಂದ, ಕರುಳಿನ ನಿವಾಸಿಯಾದ ಇ. ಕೋಲೈ ಎಂಬ ಏಕಾಣುಜೀವಿ ಮೂತ್ರಕೋಶವನ್ನು ಸುಲಭವಾಗಿ ಸೇರುತ್ತದೆ. ಇದು ಶುಚಿತ್ವದ ಲೋಪವಲ್ಲ, ಶರೀರರಚನೆಯ ಫಲ. ಆದುದರಿಂದ ನಾಚಬೇಕಾದ ಕಾರಣವಿಲ್ಲ.

ಚಿಂತೆಗೆ ಕಾರಣ ಬೇರೆಯಿದೆ. ಪ್ರತಿಜೀವಕವನ್ನು ಸೇವಿಸಿದಾಗ ದುರ್ಬಲವಾದ ಅಣುಜೀವಿಗಳು ಸಾಯುತ್ತವೆ. ತಾಳಿಕೊಂಡವು ಉಳಿದು ವೃದ್ಧಿಯಾಗುತ್ತವೆ, ಆ ಶಕ್ತಿಯನ್ನು ನೆರೆಯ ಅಣುಜೀವಿಗಳಿಗೂ ದಾಟಿಸುತ್ತವೆ. 2016ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯಾದ 49 ವರ್ಷದ ಮಹಿಳೆಯೊಬ್ಬರ ಮೂತ್ರದಲ್ಲಿ, ಕಡೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧಕ್ಕೂ ಬಗ್ಗದ ಇ. ಕೋಲೈ ಕಂಡುಬಂದಿತು. ಹೀಗೆ ದಾಟಬಲ್ಲ ಆ ಜೀನನ್ನು ಈ ದೇಶದ ರೋಗಿಯೊಬ್ಬರಲ್ಲಿ ಮೊದಲ ಬಾರಿಗೆ ಗುರುತಿಸಿದ್ದು ನಮ್ಮ ನೆರೆಯ ಸಿಲ್ವರ್ ಸ್ಪ್ರಿಂಗಿನ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿ. ಅಟ್ಲಾಂಟಾದ ಸಿ.ಡಿ.ಸಿ. ಸಂಸ್ಥೆಯ 2019ರ ವರದಿಯಂತೆ ಇಂಥ ನಿರೋಧಕ ಸೋಂಕುಗಳಿಂದ ಅಮೆರಿಕದಲ್ಲಿ ವರ್ಷಕ್ಕೆ 35,000ಕ್ಕೂ ಹೆಚ್ಚು ಜನ ಸಾಯುತ್ತಾರೆ.

ನಮಗೆ ಇದರಲ್ಲಿ ವಿಶೇಷ ಪಾಲಿದೆ. 2017ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ, ದಕ್ಷಿಣ ಏಷ್ಯಾಕ್ಕೆ ಹೋಗಿಬಂದ ಪ್ರವಾಸಿಗಳ ಪೈಕಿ ನೂರಕ್ಕೆ 75 ಮಂದಿ ನಿರೋಧಕ ಅಣುಜೀವಿಗಳನ್ನು ಕರುಳಿನಲ್ಲಿ ಹೊತ್ತು ಮರಳಿದ್ದರು. ಬಹುತೇಕರಿಗೆ ಅದರ ಅರಿವೂ ಇರಲಿಲ್ಲ, ಕಾಯಿಲೆಯೂ ಇರಲಿಲ್ಲ. ಆದರೆ ಮುಂದೆ ಮೂತ್ರದ ಸೋಂಕು ತಗಲಿದರೆ ವಾಡಿಕೆಯ ಮಾತ್ರೆ ಫಲಿಸದೆ ಹೋಗಬಹುದು. ಆದುದರಿಂದ ರಜೆಗೆ ಊರಿಗೆ ಹೋಗಿಬಂದ ಸಂಗತಿಯನ್ನೂ, ಅಲ್ಲಿ ಆಸ್ಪತ್ರೆ ಸೇರಿದ್ದರೆ ಅದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ, ಮೂತ್ರದ ಕಲ್ಚರ್ ಪರೀಕ್ಷೆ ಬೇಕೇ ಎಂದು ಕೇಳೋಣ.

ಇನ್ನು ಸೂಟ್‌ಕೇಸಿನ ಮಾತು. ಉಪ್ಪಿನಕಾಯಿ, ಸಾರಿನ ಪುಡಿಗಳ ಜೊತೆಗೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗಳ ಪಟ್ಟಿಯೂ ಬರುವುದುಂಟು. ಭೇಟಿಗೆ ಬಂದ ತಾಯ್ತಂದೆಯರಿಗೆ ವಿಮೆ ಸಾಲದು, ವೈದ್ಯರ ವೆಚ್ಚ ಹೆಚ್ಚು ಎಂಬ ಭಯವೂ ಸುಳ್ಳಲ್ಲ. ಆದರೂ ನೋವು ಕಡಿಮೆಯಾದೊಡನೆ ನಿಲ್ಲಿಸಿ, ಉಳಿದುದನ್ನು ಗೆಳತಿಗೆ ಕೊಡುವ ಔದಾರ್ಯ ಅಪಾಯಕರ. ಸ್ನಾಯುರಜ್ಜು, ನರಗಳಿಗೆ ಹಾನಿಯಾಗಬಲ್ಲದೆಂಬ ಕಾರಣದಿಂದ, ಬೇರೆ ಔಷಧವಿರುವಾಗ ಸಾಮಾನ್ಯ ಮೂತ್ರದ ಸೋಂಕಿಗೆ ಈ ವರ್ಗದ ಮಾತ್ರೆ ಬೇಡವೆಂದು ಅಮೆರಿಕದ ಎಫ್.ಡಿ.ಎ. 2016ರಲ್ಲಿಯೇ ಎಚ್ಚರಿಸಿದೆ. 2025ರ ಮಾರ್ಚಿಯಲ್ಲಿ ಜೆಪೊಟಿಡಾಸಿನ್ ಎಂಬ ಹೊಸ ಮಾತ್ರೆಗೆ ಅನುಮತಿ ದೊರೆತಿದೆ, ನಿಜ. ಹಳೆಯವನ್ನು ಕೆಡಿಸಿದ ರೀತಿಯಲ್ಲಿಯೇ ಅದನ್ನೂ ಬಳಸಿದರೆ ಅದೂ ಕೆಡುತ್ತದೆ.

ಹಾಗಾದರೆ ಅಜ್ಜಿಯ ಬಾರ್ಲಿ ನೀರು? ಅದು ಸೋಂಕನ್ನು ಕೊಲ್ಲದು. ಆದರೆ ನೀರು ಕಡಿಮೆ ಕುಡಿಯುವ, ಪದೇ ಪದೇ ಸೋಂಕಿಗೀಡಾಗುವ ಸ್ತ್ರೀಯರು ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿದಾಗ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತೆಂದು 2018ರ ಅಧ್ಯಯನವೊಂದು ತೋರಿಸಿದೆ. ಮುಟ್ಟು ನಿಂತವರಿಗೆ ಯೋನಿಯಲ್ಲಿ ಬಳಸುವ ಈಸ್ಟ್ರೊಜೆನ್ ಲೇಪವೂ ನೆರವಾಗಬಲ್ಲದು. ಅದನ್ನು ವೈದ್ಯರಲ್ಲಿ ವಿಚಾರಿಸಬೇಕು. ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಕಂಡರೆ, ಅಥವಾ ಗರ್ಭಿಣಿಯಾಗಿದ್ದರೆ, ಒಂದು ದಿನವೂ ತಡಮಾಡಬಾರದು. ಇದಕ್ಕೆ ಪ್ರತಿಯಾಗಿ, ಯಾವ ತೊಂದರೆಯೂ ಇಲ್ಲದ ವೃದ್ಧರ ಮೂತ್ರದಲ್ಲಿ ಅಣುಜೀವಿ ಕಂಡಿತೆಂಬ ಒಂದೇ ಕಾರಣಕ್ಕೆ ಸಾಮಾನ್ಯವಾಗಿ ಔಷಧ ಬೇಕಿಲ್ಲ.

ಬಂಧುಗಳೇ, ಪ್ರತಿಜೀವಕಗಳು ಊರಿನ ಕೆರೆಯಿದ್ದಂತೆ. ಒಬ್ಬರು ಕದಡಿದರೆ ಎಲ್ಲರೂ ಕುಡಿಯುವ ನೀರು ಕೆಡುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ನಾಳೆಯೂ ಒಂದು ಮಾತ್ರೆ ಕೆಲಸ ಮಾಡಬೇಕಾದರೆ, ಇಂದು ನಾವು ಸಂಕೋಚವನ್ನು ಬಿಟ್ಟು ವೈದ್ಯರೊಡನೆ ಮಾತನಾಡಬೇಕು. ಸೂಟ್‌ಕೇಸಿನ ಆ ಪಟ್ಟಿಯನ್ನು ಊರಿನಲ್ಲಿಯೇ ಬಿಟ್ಟುಬರಬೇಕು.