ಮಕ್ಕಳೂ ಕಾಯಿಪಲ್ಯವೂ



ಉಣ್ಣುವ ಹೊತ್ತಿನಲ್ಲಿ ಮಗುವು ತಟ್ಟೆಯೊಳಗಿನ ಸೊಪ್ಪನ್ನು ಬದಿಗೆ ಸರಿಸುವುದೂ, ತಾಯಿಯು ಗದರುವುದೂ, ಮಗುವು ಅಳುತ್ತ ಏಳುವುದೂ ಅನೇಕ ಮನೆಗಳಲ್ಲಿ ಕಾಣತಕ್ಕ ಸಂಗತಿಗಳಾಗಿವೆ. ಪ್ರಸಾದವನ್ನು ಚೆಲ್ಲಬಾರದೆಂಬ ನಿಷ್ಠೆಯುಳ್ಳ ಮನೆಗಳಲ್ಲಂತೂ ಈ ಗದರಿಕೆಯು ಇನ್ನೂ ಬಲವಾಗುವುದು. ಇದನ್ನು ಮಗುವಿನ ಹಟವೆಂದೆಣಿಸುವುದು ಲೋಕರೂಢಿಯು. ಆದರೆ ಎರಡರಿಂದ ಆರು ವರುಷದ ಪ್ರಾಯದಲ್ಲಿ ಅರಿಯದ ಆಹಾರಕ್ಕೆ ಅಂಜುವುದು ಶಿಶುಸ್ವಭಾವವೇ ಸರಿ. ಸಿಹಿಯನ್ನು ಹುಟ್ಟಿನಿಂದಲೇ ಒಪ್ಪುವ ನಾಲಗೆಯು ಕಹಿಯನ್ನು ಹುಟ್ಟಿನಿಂದಲೇ ಒಲ್ಲೆನೆನ್ನುವುದು. ಆದುದರಿಂದ ಮೆಂತ್ಯದ ಸೊಪ್ಪಿಗೂ ಹಾಗಲಕಾಯಿಗೂ ನಾಲಗೆಯು ಪಳಗಬೇಕಾದರೆ ಅಭ್ಯಾಸವೇ ಬೇಕು.

ಈ ಅಭ್ಯಾಸವು ಗರ್ಭದಲ್ಲಿಯೇ ಮೊದಲಾಗುವುದೆಂಬುದು ಸೋಜಿಗವಾದರೂ ಸತ್ಯವು. ಅಮೇರಿಕದ ಫಿಲಡೆಲ್ಫಿಯಾ ನಗರದ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಶೋಧದಂತೆ, ಬಸುರಿಯಾಗಿದ್ದಾಗ ಇಲ್ಲವೆ ಮೊಲೆಯೂಡಿಸುವಾಗ ಗಜ್ಜರಿಯ ರಸವನ್ನು ಕುಡಿದ ತಾಯಂದಿರ ಕೂಸುಗಳು, ಗಜ್ಜರಿ ಬೆರೆಸಿದ ಗಂಜಿಯನ್ನು ಉಣ್ಣುವಾಗ ಮುಖ ಸಿಂಡರಿಸಿದ್ದು ಕಡಿಮೆ. 2007ರಲ್ಲಿ ಪ್ರಕಟವಾದ ಮತ್ತೊಂದು ಶೋಧದಲ್ಲಿ, ಏಳು ತಿಂಗಳ ಕೂಸುಗಳಿಗೆ ಅವು ಒಲ್ಲೆನೆಂದ ಕಾಯಿಪಲ್ಯವನ್ನೇ ದಿನ ಬಿಟ್ಟು ದಿನ ಉಣಿಸಲಾಯಿತು. ಎಂಟನೆಯ ಸಲಕ್ಕೆ ಹೆಚ್ಚಿನ ಕೂಸುಗಳು ಅದನ್ನು ತಮಗೆ ಪ್ರಿಯವಾದುದರಷ್ಟೇ ಉಂಡವು. ಎರಡು ಮೂರು ಸಲಕ್ಕೆ ಬೇಸತ್ತು ಕೈಬಿಡುವ ತಾಯಿಗೆ ಈ ಫಲವು ದೊರೆಯಲಾರದು.

ಹಾಗೆಂದು ಆಮಿಷವನ್ನೊಡ್ಡಲಾಗದು. ಹೊಸ ಪಾನೀಯವನ್ನು ಕುಡಿದರೆ ಬಹುಮಾನವೆಂದು ಮಕ್ಕಳಿಗೆ ಹೇಳಿ ನೋಡಿದಾಗ, ಆ ಪಾನೀಯದ ಮೇಲಣ ಪ್ರೀತಿಯು ಕುಗ್ಗಿತೆಂದು 1984ರ ಶೋಧವೊಂದು ತಿಳಿಸುತ್ತದೆ. ಪಲ್ಯವನ್ನುಂಡರೆ ಬೆಲ್ಲ ಕೊಡುವೆನೆಂಬ ತಾಯಿಯು, ಪಲ್ಯವು ಕಷ್ಟವೆಂದೂ ಬೆಲ್ಲವೇ ಸುಖವೆಂದೂ ತಾನೇ ಕಲಿಸಿದಂತಾಗುವುದು.

ಹಾಗಾದರೆ ಮಾಡತಕ್ಕದ್ದೇನು? ಕಡಲೆಕಾಳಿನಷ್ಟು ಪಲ್ಯವನ್ನು ರೊಟ್ಟಿಯ ಬದಿಗೆ ಬಡಿಸಬೇಕು. ಬೇಡಿದರೆ ಮತ್ತಷ್ಟು ನೀಡಬೇಕು. ಹೀಗೆ ಮಾಡಿದರೆ ಪ್ರಸಾದವೂ ಕೆಡದು, ಮಗುವಿನ ಮನಸ್ಸೂ ಕೆಡದು. ತಂದೆಯು ಹೀರೇಕಾಯಿಯನ್ನು ತಾನು ಬಿಟ್ಟು ಮಗನಿಗೆ ಉಣ್ಣೆನ್ನಲಾಗದು. ಹಿರಿಯರು ಒಡನೆ ಕುಳಿತು ಸಂತೋಷದಿಂದ ಉಣ್ಣಬೇಕು. ಊಟಕ್ಕೆ ಮುಂಚೆ ತಿಂಡಿಯನ್ನು ಕೊಡದೆ ಹಸಿವಿಗೆ ಎಡೆಗೊಡಬೇಕು. ಹಿತ್ತಿಲಲ್ಲಿ ಮಗುವಿನ ಕೈಯಿಂದಲೇ ಬೀಜವನ್ನು ಊರಿಸಿದರೆ, ತಾನು ನೀರೆರೆದ ಬಳ್ಳಿಯ ಕಾಯಿಯು ಅದಕ್ಕೆ ಪರಕೀಯವೆನಿಸದು.

ಇದು ಬರಿಯ ರುಚಿಯ ಮಾತಲ್ಲ. ನುಗ್ಗೆಸೊಪ್ಪು, ಗಜ್ಜರಿ ಮೊದಲಾದವುಗಳಿಂದ ದೇಹಕ್ಕೆ ಎ ಜೀವಸತ್ವವು ಒದಗುವುದು. ಅದರ ಕೊರತೆಯಿಂದ ಇರುಳುಗುರುಡು ಬರುವುದು, ಅದು ಮುಂದುವರಿದರೆ ದೃಷ್ಟಿಯೇ ಹೋಗುವುದು. ತುಸು ಎಣ್ಣೆಯೊಡನೆ ಬೇಯಿಸಿದರೆ ಆ ಸತ್ವವು ದೇಹಕ್ಕೆ ಚೆನ್ನಾಗಿ ಹತ್ತುವುದು. ಮಗುವು ಬಡವಾಗುತ್ತ ಬಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಅಂಜಿಕೆಯಿಂದುಂಡ ತುತ್ತು ಅಂದಿನ ಹೊಟ್ಟೆಯನ್ನಷ್ಟೇ ತುಂಬುವುದು. ಒಲಿದುಂಡ ತುತ್ತು ಬಾಳಿನುದ್ದಕ್ಕೂ ಜೊತೆಗಿರುವುದು. ತಾಯ್ತಂದೆಗಳ ತಾಳ್ಮೆಯೇ ಮಗುವಿನ ಮೊದಲ ಉಪ್ಪು, ಮೊದಲ ಒಗ್ಗರಣೆ.