ಕೂರುವ ಗಾಡಿಯೋ, ದುಡಿಯುವ ಗಾಡಿಯೋ?

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ನಮ್ಮಲ್ಲಿ ಒಬ್ಬರು ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವರು. ಒಬ್ಬರು ಮಾಣಿಯಾಗಿ ಸೇರಿ ಗಲ್ಲೆಯವರೆಗೆ ಬಂದವರು. ಇನ್ನೊಬ್ಬರು ಗಿರಣಿ ಕಾರ್ಮಿಕರ ಮಗ. "ನೀವು ಗಾಡಿ ಕೊಂಡ ಕತೆಯನ್ನೇ ಹೇಳಿ, ನಾಲ್ಕು ಜನಕ್ಕೆ ಉಪಯೋಗವಾದೀತು" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದರಿಂದ, ಮೂವರ ಮಾತನ್ನೂ ಒಂದೇ ಬಾಯಿಂದ ಒಪ್ಪಿಸುತ್ತಿದ್ದೇವೆ.

ನಾವು ದುಡಿಯುತ್ತಿದ್ದ ಹೊಟೇಲಿನ ಕಟ್ಟಡವನ್ನು ಹೊಸದಾಗಿ ಕಟ್ಟಲೆಂದು ಕೆಡವಿದರು. ಹೊಟೇಲು ಹೋಯಿತು, ಪಗಾರವೂ ಹೋಯಿತು. ಕೈಯಲ್ಲಿದ್ದ ಚೂರುಪಾರು ಹಣ ಕೂಡಿಸಿ, ಸಣ್ಣ ಜಾಗ ಬಾಡಿಗೆಗೆ ಹಿಡಿದು, ಇಡ್ಲಿ–ದೋಸೆಯ ಹಿಟ್ಟು ರುಬ್ಬಿ ಕ್ಯಾಂಟೀನುಗಳಿಗೆ ಕೊಡತೊಡಗಿದೆವು. ಸಾಗಿಸಲು ಬಾಡಿಗೆ ಟೆಂಪೋ. ಒಂದು ಬೆಳಗ್ಗೆ ಟೆಂಪೋ ಬರಲಿಲ್ಲ. ಏಳು ಗಂಟೆಗೆ ತಲುಪಬೇಕಾದ ಹಿಟ್ಟು ಹತ್ತಕ್ಕೆ ತಲುಪಿತು. ಆ ಕ್ಯಾಂಟೀನಿನ ವರ್ತನೆ ಅಂದಿಗೆ ಮುಗಿಯಿತು. ಸ್ವಂತ ಗಾಡಿ ಬೇಕೆಂದು ಅಂದೇ ತೀರ್ಮಾನವಾಯಿತು. ಆದರೆ ಯಾವ ಗಾಡಿ? ಹಿಂಬದಿಯ ಬಾಗಿಲು ಮೇಲಕ್ಕೇಳುವ ಸಣ್ಣ ಕಾರೋ, ಬೆನ್ನು ತೆರೆದ ಸಣ್ಣ ಪಿಕಪ್ಪೋ?

ಕಾರಿನ ಆಸೆ ಸಣ್ಣದಲ್ಲ, ಬಂಧುಗಳೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಂದಿನಿಂದ ನಮ್ಮಂಥವರ ಮನೆಯಲ್ಲೂ ಆ ಕನಸು ಮೊಳೆತಿದೆ. ಊರ ಜಾತ್ರೆಗೆ ಕಾರಿನಲ್ಲಿ ಇಳಿದರೆ ಮುಂಬಯಿಗೆ ಹೋದವನು ಗೆದ್ದ ಎನ್ನುತ್ತಾರೆ. ಪಿಕಪ್ಪಿನಲ್ಲಿ ಇಳಿದರೆ ಯಾರ ಸಾಮಾನು ತಂದೆ ಎಂದು ಕೇಳುತ್ತಾರೆ! ನಮ್ಮ ಗಿರಣಿ ಕಾರ್ಮಿಕರ ಮಗನಿಗೆ ಇನ್ನೂ ದೊಡ್ಡ ಕಾರಣವಿತ್ತು. ಅವರ ತಂದೆ 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರು. ಹತ್ತಿಯ ಧೂಳು ಕುಡಿದ ಎದೆ. ಮೆಟ್ಟಿಲು ಹತ್ತಿದರೆ ಏದುಸಿರು. ಅವರನ್ನು ಆಸ್ಪತ್ರೆಗೆ ಕಾರಿನಲ್ಲಿ ಕೂರಿಸಿಕೊಂಡು ಹೋಗಬೇಕೆಂದು ಮಗನ ಹಟ. ಇದನ್ನು ತಪ್ಪೆನ್ನಲು ಯಾರಿಗೆ ಬಾಯಿ ಬರುತ್ತದೆ?

"ಕಾರಾದರೆ ಎರಡೂ ಆಯಿತು, ಹಿಂದಿನ ಸೀಟು ಮಡಚಿದರೆ ಹಿಟ್ಟು, ಬಿಚ್ಚಿದರೆ ಅಪ್ಪ" ಎಂದು ನಾವೂ ಒಪ್ಪಿದೆವು. ಪರೀಕ್ಷೆಗೆಂದು ನೆಂಟರೊಬ್ಬರ ಹಳೆಯ ಕಾರು ತಂದು ಒಂದು ತಿಂಗಳು ಓಡಿಸಿದೆವು. ಒಂದು ನಸುಕಿನಲ್ಲಿ ಬ್ರೇಕು ಹಾಕಿದಾಗ ಹಿಟ್ಟಿನ ಡಬ್ಬಿಗಳು ಮುಂದಕ್ಕೆ ನುಗ್ಗಿದವು. ಕಾರು ಗೋಡೆಗೆ ತಾಗಿ ಮೂತಿ ಮುರಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ವಿಮೆಯವರು ಬಂದರು, ಸೀಟಿನ ಮೇಲಿನ ಹಿಟ್ಟು ನೋಡಿದರು, ಹಣ ಕೊಡಲಾಗದೆಂದು ಕಾಗದ ಕಳಿಸಿದರು. ಸಿಟ್ಟಾಯಿತು, ಆದರೆ ಪಾಲಿಸಿ ಓದಿಸಿ ನೋಡಿದಾಗ ತಪ್ಪು ನಮ್ಮದೇ. ಖಾಸಗಿ ಕಾರಿನ ವಿಮೆಯಲ್ಲಿ ಬಾಡಿಗೆ ಓಡಾಟಕ್ಕೂ, ಸ್ವಂತ ಗಂಟುಮೂಟೆ ಮತ್ತು ಮಾದರಿ ಬಿಟ್ಟು ಉಳಿದ ಸರಕಿನ ಸಾಗಣೆಗೂ ರಕ್ಷಣೆ ಇಲ್ಲವೆಂದು ಬರೆದೇ ಇರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರವೂ, ಸರಕಿಗೆಂದು ಕಟ್ಟದ ವಾಹನದಲ್ಲಿ ಸರಕು ಸಾಗಿಸಿದರೆ ಅದು ಸರಕು ವಾಹನವೆಂದೇ ಲೆಕ್ಕ. ಬಿಳಿ ಫಲಕ ಹಾಕಿಕೊಂಡು ಹಳದಿ ಫಲಕದ ಕೆಲಸ ಮಾಡುವಂತಿಲ್ಲ. ನೆಂಟರ ಕಾರು ರಿಪೇರಿ ಮಾಡಿಸಿದ್ದು ನಮ್ಮ ಜೇಬಿನಿಂದ.

ಆಮೇಲೆ ಬುದ್ಧಿ ಬಂತು. ಒಂದು ನೋಟುಪುಸ್ತಕ ಇಟ್ಟೆವು. ದಿನಕ್ಕೆ ಎಷ್ಟು ಕಿಲೋ, ಎಷ್ಟು ಮೈಲಿ, ಎಷ್ಟು ಹೊತ್ತು ಗಾಡಿ ಸುಮ್ಮನೆ ನಿಂತಿತ್ತು, ಎಲ್ಲವನ್ನೂ ಬರೆದೆವು. ಹೋಗುವಾಗ ಹಿಟ್ಟಿನ ಡಬ್ಬಿ, ಬರುವಾಗ ಅಕ್ಕಿ, ಉದ್ದು, ಗ್ಯಾಸಿನ ಸಿಲಿಂಡರು; ಒಟ್ಟು ನಾಲ್ಕುನೂರು ಕಿಲೋ ದಾಟುತ್ತಿತ್ತು. ಕಾರಿಗೆ ಅದು ಎರಡು ಮೂರು ಸುತ್ತು, ಪಿಕಪ್ಪಿಗೆ ಒಂದೇ. 2005ರಲ್ಲಿ ಬಂದ ಟಾಟಾ ಏಸ್, ಜನ ಪ್ರೀತಿಯಿಂದ ಛೋಟಾ ಹಾಥಿ ಎಂದು ಕರೆದ ಗಾಡಿ, ಮುಕ್ಕಾಲು ಟನ್ನು ಹೊರಲೆಂದೇ ಆಯಿತು. ತಮಾಷೆಯೆಂದರೆ ಅದರ ಮೊದಲ ಎಂಜಿನ್ನು ಎರಡು ಸಿಲಿಂಡರಿನ 702 ಸಿ.ಸಿ.; ಮಾರುತಿ 800ರದು ಮೂರು ಸಿಲಿಂಡರಿನ 796. ಹೊರುವ ಗಾಡಿಯದೇ ಸಣ್ಣ ಎಂಜಿನ್ನು! ಹೊರುವುದು ಎಂಜಿನ್ನೊಂದೇ ಅಲ್ಲ. ಚೌಕಟ್ಟು, ಪಟ್ಟಿ, ಗೇರು, ಎಲ್ಲವೂ ಸೇರಿ ಹೊರುತ್ತವೆ. ನಮ್ಮ ಹಮಾಲ ಬಂಧುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಮಗನ ಮನಸ್ಸು ಒಪ್ಪಲಿಲ್ಲ. ಕೊನೆಗೆ ಮಾತು ಮುಗಿಸಿದವರು ಆ ಹಿರಿಯರೇ. ಖೋಲಿಯ ಬಾಗಿಲಲ್ಲಿ ಕೂತು ನಮ್ಮ ಜಗಳ ಕೇಳುತ್ತಿದ್ದವರು ಅಂದರು: "ತಮ್ಮಾ, ನನ್ನ ದವಾಖಾನಿ ತಿಂಗಳಿಗೆ ಒಂದು ದಿನ. ನಿಮ್ಮ ಹಿಟ್ಟು ದಿನಾ ಹೋಗಬೇಕು. ಒಂದು ದಿನಕ್ಕ ಟ್ಯಾಕ್ಸಿ ಸಿಗತೈತಿ. ದಿನಾ ದುಡ್ಯಾಕ ಗಾಡೀನ ಬೇಕು." ಮಗ ತಲೆ ತಗ್ಗಿಸಿದರು. ನಾವು ಪಿಕಪ್ಪು ಕೊಂಡೆವು.

ಕೊಳ್ಳುವ ಮುನ್ನ ಕಲಿತ ನಾಲ್ಕು ಸಂಗತಿಗಳನ್ನು ಹೇಳಿಬಿಡುತ್ತೇವೆ.

ಮೊದಲನೆಯದು ಬಡ್ಡಿ. ನಾಲ್ಕು ಲಕ್ಷ ಸಾಲ, ಐದು ವರ್ಷ, ಶೇಕಡಾ 8 "ಫ್ಲ್ಯಾಟ್" ಎಂದರೆ ಅಗ್ಗವೆಂದು ಕಾಣುತ್ತದೆ. ಬಡ್ಡಿಯೇ 1,60,000 ರೂಪಾಯಿ. ತಿಂಗಳ ಕಂತು 9,333. ತೀರಿದ ಅಸಲಿಗೆ ಬಡ್ಡಿ ಇಳಿಯುತ್ತಾ ಹೋಗುವ ಪದ್ಧತಿಯಲ್ಲಿ ಅದೇ ಶೇಕಡಾ 8ಕ್ಕೆ ಕಂತು ಸುಮಾರು 8,110. ಅಂದರೆ ಫ್ಲ್ಯಾಟಿನ 8 ನಿಜವಾಗಿ 14ರಷ್ಟಾಗುತ್ತದೆ. ಸಹಿ ಹಾಕುವ ಮುನ್ನ ಈ ಒಂದು ಪ್ರಶ್ನೆ ಕೇಳಿರಿ.

ಎರಡನೆಯದು ಲೈಸೆನ್ಸು. ಕಾರಿನ ಲೈಸೆನ್ಸು ಸಾಲದೆಂದು ದಲಾಲರು ಹೆದರಿಸುತ್ತಾರೆ. ಹಗುರ ವಾಹನದ ಲೈಸೆನ್ಸು ಇದ್ದವರು ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2024ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರ ಪೀಠವೂ ಅದನ್ನೇ ಎತ್ತಿಹಿಡಿಯಿತು.

ಮೂರನೆಯದು ಕಾಗದಪತ್ರ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ಟು ಬೇಡ. ಆದರೆ ಫಿಟ್‌ನೆಸ್ ಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಹಳೆಯ ಗಾಡಿ ಕೊಳ್ಳುವವರು ಹಿಂದಿನವರ ಸಾಲ ಆರ್.ಸಿ.ಯಿಂದ ತೆಗೆದುಹಾಕಿದೆಯೇ ಎಂದು ನೋಡದೆ ಮುಂಗಡ ಕೊಡಬೇಡಿ.

ನಾಲ್ಕನೆಯದು ಆಸೆಗೆ ಅಂಕೆ. ಮಿತಿ ಮೀರಿ ಹೇರಿದರೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ ಎರಡೆರಡು ಸಾವಿರ. ಇನ್ನು ಗಣಪತಿ ಹಬ್ಬಕ್ಕೆಂದು ಹೆಂಗಸರು ಮಕ್ಕಳನ್ನು ಹಿಂದೆ ಹತ್ತಿಸಿಕೊಂಡು ಹೋಗುವ ಅಭ್ಯಾಸವನ್ನು ಕೈಮುಗಿದು ಬಿಡಿಸಬೇಕಾಗಿದೆ. ಅದು ಸರಕಿನ ಜಾಗ. ಅಲ್ಲಿ ಕೂತವರಿಗೆ ಅಪಘಾತವಾದರೆ ವಿಮೆಯ ಆಸರೆಯೂ ಇಲ್ಲ.

ಕಾರು ಬೇಡವೆಂದು ಸಾರಲು ನಾವು ನಿಂತಿಲ್ಲ. ಜನರನ್ನು ಸಾಗಿಸಿ ದುಡಿಯುವವನಿಗೆ ಕಾರೇ ಅನ್ನ. ಅವನು ಹಳದಿ ಫಲಕ ಹಾಕಿಸಿ, ಪರ್ಮಿಟ್ಟು ಪಡೆದು ದುಡಿಯಲಿ. ಪಗಾರದಲ್ಲಿ ಉಳಿಸಿ ಸಂಸಾರಕ್ಕೆಂದು ಕಾರು ಕೊಳ್ಳುವವನಿಗೂ ನಮ್ಮ ನಮಸ್ಕಾರ. ನಾವು ಹೇಳುವುದಿಷ್ಟೆ: ಸಾಲದ ಹಣದಿಂದ ಮೊದಲು ಕೊಳ್ಳುವ ಗಾಡಿ ತನ್ನ ಕಂತನ್ನು ತಾನೇ ದುಡಿಯಬೇಕು. ಊರವರ ಕಣ್ಣಿಗಾಗಿ ಕೊಂಡ ಗಾಡಿಯ ಕಂತನ್ನು ಊರವರು ಕಟ್ಟುವುದಿಲ್ಲ.

ಈಗ ನಮ್ಮ ಪಿಕಪ್ಪು ನಸುಕಿನ ನಾಲ್ಕಕ್ಕೆ ಹೊರಡುತ್ತದೆ. ತಿಂಗಳಿಗೊಮ್ಮೆ ಹಿರಿಯರಿಗೆ ಟ್ಯಾಕ್ಸಿ ಕರೆಯುತ್ತೇವೆ. ಆ ಬಾಡಿಗೆ ನಮ್ಮ ನೋಟುಪುಸ್ತಕದಲ್ಲಿ ಡೀಸೆಲಿನ ಕೆಳಗೇ ಖರ್ಚಾಗಿ ಬೀಳುತ್ತದೆ, ಮೂವರ ಲೆಕ್ಕದಲ್ಲಿ. ಮೊನ್ನೆ ಮಾತ್ರ ಅವರು ಟ್ಯಾಕ್ಸಿ ಬೇಡವೆಂದರು. ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು, ಒಂದು ಕಾಲದಲ್ಲಿ ತಾವು ಪಾಳಿಗೆ ನಡೆದುಹೋಗುತ್ತಿದ್ದ ಲಾಲಬಾಗದ ಬೀದಿಯನ್ನು ಕಿಟಕಿಯಿಂದ ನೋಡುತ್ತಾ ಹೋದರು. ಇಳಿಯುವಾಗ, "ಗಾಡಿ ಛಲೋ ಐತಿ" ಎಂದರು. ನಮಗೆ ಅಷ್ಟು ಸಾಕು.

ಗಾಡಿ ಕೊಳ್ಳುವ ಯೋಚನೆಯಲ್ಲಿರುವವರು ಸಭೆ ಮುಗಿದ ಮೇಲೆ ಬನ್ನಿರಿ. ನೋಟುಪುಸ್ತಕ ಜೊತೆಗೇ ತಂದಿದ್ದೇವೆ.