ಹುಳುವಿನ ಜ್ವರ, ಮಕ್ಕಳ ನಿದ್ದೆ

(ಸುವರ್ಣ ಮಹೋತ್ಸವದ ಸಭೆಯಲ್ಲಿ, ಇದೇ ಶಾಲೆಯಲ್ಲಿ ಓದಿದ ವೈದ್ಯರೊಬ್ಬರು ಮಾಡಿದ ಭಾಷಣ)



ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಾದ ನಮಗೆ ರೇಷ್ಮೆ ಹುಳುವಿನ ಜ್ವರ ಗೊತ್ತು. ಗೂಡು ಕಟ್ಟುವುದರೊಳಗೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಇದ್ದು ಪೊರೆ ಬಿಡುತ್ತದೆ. ಆಗ ಯಾರೂ ಸೊಪ್ಪು ಹಾಕುವುದಿಲ್ಲ, ಹುಳುವನ್ನು ಮುಟ್ಟುವುದಿಲ್ಲ. ಬೆಳೆ ಕೆಟ್ಟೀತು ಎಂಬ ಭಯ. ಹುಳುವಿಗೆ ಕೊಡುವ ಆ ಮರ್ಯಾದೆಯನ್ನು ಮಕ್ಕಳ ನಿದ್ದೆಗೂ ಕೊಡೋಣ ಎಂದು ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ವೃತ್ತಿಗೆ ಬಂದ ಹೊಸದರಲ್ಲಿ ಒಬ್ಬ ತಾಯಿ ಎಂಟನೇ ತರಗತಿಯ ಮಗನನ್ನು ಕರೆತಂದರು. "ರಾತ್ರಿ ಹನ್ನೆರಡಾದ್ರೂ ಮಲಗಲ್ಲ ಸಾರ್, ಏನಾದ್ರೂ ಬರ್ಕೊಡಿ" ಎಂದರು. ಹೊರಗೆ ಜನ ಕಾಯುತ್ತಿದ್ದರು. ನೆಗಡಿಗೆ ಕೊಡುವ, ಮಂಪರು ಬರಿಸುವ ಸಿರಪ್ಪು ಬರೆದುಬಿಟ್ಟೆ. ಹದಿನೈದು ದಿನದ ಮೇಲೆ ಬಂದು ಹೇಳಿದರು: ಹುಡುಗ ರಾತ್ರಿ ಮಲಗುತ್ತಾನೆ, ಆದರೆ ತರಗತಿಯಲ್ಲೂ ತೂಕಡಿಸುತ್ತಾನೆ, ದಡ್ಡನೆಂದು ಕೊನೆಯ ಬೆಂಚಿಗೆ ಕಳಿಸಿದ್ದಾರೆ.

ಆಗ ಕೂತು ವಿಚಾರಿಸಿದೆ. ಅವರದು ಹುಳು ಸಾಕುವ ಮನೆ. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೂ ಸೊಪ್ಪು ಹಾಕಬೇಕು. ಅದೇ ಹಜಾರದಲ್ಲಿ ಮಗನ ಹಾಸಿಗೆ, ತಲೆಯ ಮೇಲೆ ದೀಪ, ಕೈಯಲ್ಲಿ ಮೊಬೈಲು. ಸಂಜೆ ಎರಡು ಗಂಟೆ ನಿದ್ದೆ, ಎದ್ದ ಮೇಲೆ ದೊಡ್ಡ ಲೋಟ ಟೀ. ಹುಡುಗನಿಗೆ ಕಾಯಿಲೆ ಇರಲಿಲ್ಲ, ಹೊತ್ತು ಕೆಟ್ಟಿತ್ತು.

ಸಿರಪ್ಪು ನಿಲ್ಲಿಸಿದೆ. ಸಂಜೆಯ ನಿದ್ದೆ, ಟೀ ಬಿಡಿಸಿದೆವು. ಮಲಗುವ ಒಂದು ಗಂಟೆ ಮುಂಚೆ ಮೊಬೈಲು ಅಮ್ಮನ ಕೈಗೆ. ಹಾಸಿಗೆ ಅಜ್ಜಿಯ ಕೋಣೆಗೆ. ರಜೆಯಲ್ಲೂ ಏಳುವ ಹೊತ್ತು ಒಂದೇ. ಮೊದಲ ವಾರ ಜಗಳವೋ ಜಗಳ. ಮೂರು ವಾರಕ್ಕೆ ಹುಡುಗ ಹತ್ತು ಗಂಟೆಗೆ ತಾನೇ ಮಲಗತೊಡಗಿದ.

ಕತ್ತಲಾದಾಗ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಬೆಳಕು ಅದನ್ನು ತಡೆಯುತ್ತದೆ. ಹರೆಯದಲ್ಲಿ ಅದು ಏರುವುದೇ ತಡ. ಆದ್ದರಿಂದ ಬೇಗ ನಿದ್ದೆ ಬಾರದ ಹುಡುಗನನ್ನು ಸೋಮಾರಿ ಎನ್ನಬೇಡಿ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಔಷಧವೇ ಬೇಡ ಎನ್ನುತ್ತಿಲ್ಲ. ಆಟಿಸಂನಂಥ ತೊಂದರೆಯಿರುವ ಕೆಲವು ಮಕ್ಕಳಿಗೆ, ಅಭ್ಯಾಸ ಬದಲಿಸಿಯೂ ನಿದ್ದೆ ಬಾರದಿದ್ದರೆ, ತಜ್ಞರು ಮೆಲಟೋನಿನ್ ಕೊಡುವುದುಂಟು. ದಿನವೂ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರು ಕಟ್ಟುವ, ಕಾಲು ಒದ್ದಾಡಿಸುವ ಮಗುವನ್ನು ವೈದ್ಯರಿಗೆ ತೋರಿಸಿ. ಟಾನ್ಸಿಲ್ ಊತವೋ ಕಬ್ಬಿಣಾಂಶದ ಕೊರತೆಯೋ ಇರಬಹುದು. ಚಿಂತೆಯಿಂದ ನಿದ್ದೆ ಕೆಟ್ಟಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಖರ್ಚಿಲ್ಲ. ಆದರೆ ಮನೆಯಲ್ಲಿ ಉಳಿದ ನೆಗಡಿ ಸಿರಪ್ಪನ್ನು ನಿದ್ದೆಗೆಂದು ಕುಡಿಸಬೇಡಿ. ಅಂಥ ಒಂದು ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ.

ಮೇಷ್ಟ್ರುಗಳಲ್ಲಿ ಒಂದೇ ವಿನಂತಿ. ತೂಕಡಿಸುವ ಮಗುವನ್ನು ಎದ್ದು ನಿಲ್ಲಿಸುವ ಮುಂಚೆ, "ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಎಲ್ಲಿ ಮಲಗಿದೆ?" ಎಂದು ಕೇಳಿ. ಈ ಶಾಲೆಯ ಕೊನೆಯ ಬೆಂಚಿನಲ್ಲಿ ತೂಕಡಿಸಿದವರಲ್ಲಿ ನಾನೂ ಒಬ್ಬ.